ಚಿಲ್ಲರೆ ಕೆಲಸ, ಚಿಲ್ಲರೆ ಮಾತು

ಕನ್ನಡದಲ್ಲಿ ‘ಚಿಲ್ಲರೆ’ ಅನ್ನುವ ಪದಕ್ಕೆ ಅಂಥ ಮರ್ಯಾದೆಯೇನೂ ಇಲ್ಲ ನೋಡಿ. ಚಿಲ್ಲರೆ ಕೆಲಸ, ಚಿಲ್ಲರೆ ಬುದ್ಧಿ, ಚಿಲ್ಲರೆ ಜನ... ಎಲ್ಲವೂ ಬೈಗುಳವೇ. ಮೂವತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಕಿನಲ್ಲಿ ದುಡಿದ ನನಗೆ ಮಾತ್ರ ಆ ಪದದ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ. ಕ್ಯಾಷ್ ಕೌಂಟರಿನಲ್ಲಿ ಕೂತವನಿಗೆ ಗೊತ್ತು, ಎದುರಿಗೆ ಐನೂರರ ಕಟ್ಟುಗಳು ಎಷ್ಟಿದ್ದರೂ ಚಿಲ್ಲರೆ ಇಲ್ಲದೆ ವ್ಯವಹಾರ ಸಾಗುವುದಿಲ್ಲ. ಇವತ್ತು ಬರೆಯಲು ಕೂತಿರುವುದು ಈ ಚಿಲ್ಲರೆಯ ಬಗ್ಗೆಯೇ. ದುಡ್ಡಿನ ಚಿಲ್ಲರೆ ಸ್ವಲ್ಪ, ಮಾತಿನ ಚಿಲ್ಲರೆ ಜಾಸ್ತಿ.

ಮುಂಬಯಿಗೆ ಬಂದ ಹೊಸದರಲ್ಲಿ ನಾನು ಕಲಿತ ಮೊದಲ ಮರಾಠಿ ಪದ ‘ಸುಟ್ಟೆ’. ಬಸ್ಸು ಹತ್ತಿದರೆ ಕಂಡಕ್ಟರ್ ‘ಸುಟ್ಟೆ ದ್ಯಾ’, ರೈಲ್ವೆ ಕಿಟಕಿಯಲ್ಲಿ ‘ಸುಟ್ಟೆ’, ತರಕಾರಿಯವಳ ಹತ್ತಿರ ‘ಸುಟ್ಟೆ ನಾಹೀತ್ ಕಾ?’. ಚಿಲ್ಲರೆ ಇಲ್ಲದಿದ್ದರೆ ಪಕ್ಕದವರನ್ನು ಕೇಳಬೇಕು. ಅವರ ಹತ್ತಿರವೂ ಇಲ್ಲದಿದ್ದರೆ ‘ಆಮೇಲೆ ಕೊಡಿ’ ಅಂತ ಅಂಗಡಿಯವನು ಹೇಳಬೇಕು, ನಾವು ನೆನಪಿಟ್ಟುಕೊಂಡು ಮರುದಿನ ಹೋಗಿ ಕೊಡಬೇಕು. ಅಥವಾ ಅವನು ಎರಡು ಚಾಕ್ಲೇಟು ಕೈಗಿಟ್ಟು ನಗಬೇಕು, ನಾವು ಗೊಣಗಬೇಕು. ಈಗ ಯೋಚಿಸಿದರೆ ಅನಿಸುತ್ತೆ, ಈ ಊರಿನಲ್ಲಿ ನನ್ನ ಅರ್ಧ ಪರಿಚಯಗಳು ಚಿಲ್ಲರೆಯ ಕೊರತೆಯಿಂದಲೇ ಹುಟ್ಟಿದ್ದು!

ನಾಲ್ಕಾಣೆ 2011ರ ಜೂನ್ 30ಕ್ಕೆ ಅಧಿಕೃತವಾಗಿ ಸತ್ತಿತು. 2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು, ಅದೇ ನವೆಂಬರ್‌ನಲ್ಲಿ ನೋಟು ರದ್ದು. ಆ ಐವತ್ತು ದಿನ ಬ್ಯಾಂಕಿನವರು ಪಟ್ಟ ಪಾಡನ್ನು ಇನ್ನೊಮ್ಮೆ ಬರೆಯುತ್ತೇನೆ, ಅದೇ ಒಂದು ಪುಸ್ತಕವಾದೀತು. ಈಗ 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ಮೂಲಕ ನಡೆದ ವ್ಯವಹಾರಗಳು ಎರಡು ಸಾವಿರ ಕೋಟಿ ದಾಟಿದವು. ಕೊತ್ತಂಬರಿ ಕಟ್ಟಿಗೂ ಸ್ಕ್ಯಾನ್, ಕಟಿಂಗ್ ಚಾಯ್‌ಗೂ ಸ್ಕ್ಯಾನ್. ಬ್ಯಾಂಕಿನವನಾಗಿ ಇದನ್ನು ನಾನು ದೂರುವವನಲ್ಲ. ಹರಿದ ನೋಟಿಲ್ಲ, ಕಳ್ಳನೋಟಿಲ್ಲ, ದಿನದ ಕೊನೆಗೆ ಕ್ಯಾಷ್ ತಾಳೆಯಾಗದೆ ರಾತ್ರಿ ಒಂಬತ್ತರವರೆಗೆ ಕೂರುವ ಕರ್ಮವಿಲ್ಲ. ರಸ್ತೆ ಬದಿಯ ಮಾವಶಿಯ ದಿನದ ದುಡಿಮೆ ನೇರ ಅವಳ ಖಾತೆಗೆ ಹೋಗುತ್ತದೆ. ಕುಡುಕ ಗಂಡನ ಕೈಗೆ ಸಿಗುವುದಿಲ್ಲ, ಅದೊಂದು ಪುಣ್ಯ.

ಆದರೆ ಒಂದು ವಿಷಯ ನೀವೂ ಗಮನಿಸಿರಬಹುದು. ಈಗ ಅಂಗಡಿಯಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಗಿರಾಕಿ ಮೊಬೈಲು ನೋಡುತ್ತಾನೆ, ಅಂಗಡಿಯವನು ತೂಕದ ಯಂತ್ರ ನೋಡುತ್ತಾನೆ. ದುಡ್ಡು ಬಂತೋ ಇಲ್ಲವೋ ಅಂತ ಹೇಳಲು ಒಂದು ಡಬ್ಬಿ ಇದೆ. ‘ಪಚಾಸ್ ರುಪಯೇ ಪ್ರಾಪ್ತ್ ಹುಯೇ’ ಅಂತ ಅದು ಕೂಗಿದ ಕೂಡಲೇ ಗಿರಾಕಿ ಹೊರಟ. ಇಡೀ ವ್ಯವಹಾರದಲ್ಲಿ ಬಾಯಿಬಿಟ್ಟು ಮಾತಾಡಿದ್ದು ಆ ಡಬ್ಬಿ ಒಂದೇ!

ಇದಕ್ಕೂ ಮುಂಚೆ ಇನ್ನೊಂದು ಮಾತು ಹೇಳಬೇಕಿತ್ತು. ಕೆಲವು ವರ್ಷಗಳಿಂದ ನಮ್ಮಂಥ ಆಫೀಸುಗಳಲ್ಲಿ ‘ಮೈಂಡ್‌ಫುಲ್‌ನೆಸ್’ ಅನ್ನುವುದರ ತರಬೇತಿ ಶುರುವಾಗಿದೆ. ಹವಾನಿಯಂತ್ರಿತ ಹಾಲ್, ಕಣ್ಣು ಮುಚ್ಚಿ ಕೂರುವುದು, ಒಂದು ಒಣದ್ರಾಕ್ಷಿಯನ್ನು ಐದು ನಿಮಿಷ ಅಗಿಯುವುದು, ಆಮೇಲೆ ಭರ್ಜರಿ ಊಟ. ಮರುದಿನ ಮತ್ತೆ ಅದೇ ಟಾರ್ಗೆಟ್, ಅದೇ ಕಿರುಚಾಟ. ಅದನ್ನು ಆಡಿಕೊಳ್ಳುವುದು ನನ್ನ ಉದ್ದೇಶವಲ್ಲ. ಮುಂಬಯಿಯವರಿಗೆ ಈ ವಿಷಯ ಹೊಸದೂ ಅಲ್ಲ. ಗೋಯೆಂಕಾ ಅವರು ಕಟ್ಟಿದ ವಿಪಶ್ಯನ ಕೇಂದ್ರ ಇಗತ್‌ಪುರಿಯಲ್ಲಿ 1976ರಿಂದ ನಡೆಯುತ್ತಿದೆ. ಗೊರಾಯಿಯ ದೊಡ್ಡ ಪಗೋಡ 2009ರಲ್ಲಿ ಉದ್ಘಾಟನೆಯಾಯಿತು. ನನ್ನ ಸಹೋದ್ಯೋಗಿಗಳಲ್ಲೇ ನಾಲ್ಕಾರು ಮಂದಿ ಇಗತ್‌ಪುರಿಗೆ ಹೋಗಿ ಹತ್ತು ದಿನ ಮೌನವಾಗಿ ಕೂತು ಬಂದವರಿದ್ದಾರೆ. ಬಂದವರ ಮುಖದಲ್ಲಿ ನಿಜಕ್ಕೂ ಒಂದು ಶಾಂತಿ ಇರುತ್ತೆ. ಅದರಲ್ಲೊಬ್ಬರು ಮಾತ್ರ ಹನ್ನೊಂದನೆಯ ದಿನ ಕಲ್ಯಾಣ ಸ್ಟೇಷನ್ನಿನ ಹೊರಗೆ ಹತ್ತು ರೂಪಾಯಿಗಾಗಿ ರಿಕ್ಷಾದವನ ಜತೆ ಕಾಲರ್ ಹಿಡಿಯುವ ಮಟ್ಟಕ್ಕೆ ಹೋಗಿದ್ದರು. ಅದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು!

ಮೈಂಡ್‌ಫುಲ್‌ನೆಸ್ ಅನ್ನುವ ಇಂಗ್ಲಿಷ್ ಪದದ ಹಿಂದಿರುವುದು ಪಾಲಿಯ ‘ಸತಿ’, ಸಂಸ್ಕೃತದ ‘ಸ್ಮೃತಿ’. ಅಂದರೆ ನೆನಪು. ಇದು ನನಗೆ ಬಹಳ ಹಿಡಿಸಿದ ಸಂಗತಿ. ಎಚ್ಚರವಾಗಿರುವುದು ಅಂದರೆ ಮೂಲದಲ್ಲಿ ನೆನಪಿಟ್ಟುಕೊಳ್ಳುವುದು. 2022ರಲ್ಲಿ ತೀರಿಕೊಂಡ ವಿಯೆಟ್ನಾಮಿನ ಬೌದ್ಧ ಗುರು ತಿಕ್ ನ್ಯಾಟ್ ಹಾನ್ ಅವರು ಪಾತ್ರೆ ತೊಳೆಯುವುದನ್ನೇ ಉದಾಹರಣೆಯಾಗಿ ತೆಗೆದುಕೊಂಡು ಬರೆದಿದ್ದಾರೆ. ಆಮೇಲೆ ಕುಡಿಯಲಿರುವ ಚಹಾದ ಮೇಲೆ ಮನಸ್ಸಿಟ್ಟು ಪಾತ್ರೆ ತೊಳೆದರೆ ನಾವು ಪಾತ್ರೆಯನ್ನೂ ತೊಳೆದಂತಲ್ಲ, ಆಮೇಲೆ ಚಹಾವನ್ನೂ ಕುಡಿಯುವುದಿಲ್ಲ ಅನ್ನುವ ಅರ್ಥದ ಮಾತು. ನಮ್ಮಮ್ಮ ಇದನ್ನೇ ಇನ್ನೂ ಚುಟುಕಾಗಿ ಹೇಳುತ್ತಿದ್ದಳು, ‘ಮೈಮೇಲೆ ಪರಿವೆ ಇಟ್ಕೊಂಡು ಕೆಲಸ ಮಾಡೋ’ ಅಂತ. ಅವಳಿಗೆ ಒಣದ್ರಾಕ್ಷಿ ಬೇಕಾಗಿರಲಿಲ್ಲ.

ಪಾತ್ರೆ ತೊಳೆಯುವಾಗ ಎದುರಿಗೆ ಪಾತ್ರೆ ಮಾತ್ರ ಇರುತ್ತದೆ. ಅಂಗಡಿಗೆ ಹೋದಾಗ ಎದುರಿಗೊಬ್ಬ ಮನುಷ್ಯ ಇರುತ್ತಾನೆ. ಹಾಗಾಗಿ ಈ ಎಚ್ಚರದ ಅಭ್ಯಾಸಕ್ಕೆ ಇಗತ್‌ಪುರಿಗಿಂತ ಡೊಂಬಿವಲಿಯ ತರಕಾರಿ ಮಾರ್ಕೆಟ್ಟು ಕಷ್ಟದ ಜಾಗ, ಆದ್ದರಿಂದಲೇ ಒಳ್ಳೆಯ ಜಾಗ ಅನ್ನುವುದು ನನ್ನ ವಾದ.

ನಮ್ಮಂಥ ವಲಸೆ ಬಂದವರಿಗೆ ಇದು ಇನ್ನೂ ಮುಖ್ಯ. ನಾನು ಮಲೆನಾಡಿನವನು. ನಮ್ಮೂರಲ್ಲಿ ಅಂಗಡಿಗೆ ಹೋದರೆ ಸಾಮಾನಿನ ಮಾತು ಕೊನೆಗೆ. ಮೊದಲು ಮಳೆ, ಆಮೇಲೆ ‘ತೋಟಕ್ಕೆ ಕೊಳೆ ಬಂತಾ?’, ಅದಾದ ಮೇಲೆ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಕೊನೆಗೆ ಒಂದು ಕೇಜಿ ಸಕ್ಕರೆ. ಅಲ್ಲಿಂದ 1994ರಲ್ಲಿ ವರ್ಗವಾಗಿ ಇಲ್ಲಿಗೆ ಬಂದಾಗ ನನ್ನ ಬಂಧುಗಳೆಲ್ಲ ಒಂದು ರಾತ್ರಿ, ಒಂದು ಹಗಲಿನ ದಾರಿಯಷ್ಟು ದೂರ. ಎಸ್‌ಟಿಡಿ ಬೂತಿನಲ್ಲಿ ರಾತ್ರಿ ದರ ಕಮ್ಮಿಯಾಗುವವರೆಗೆ ಕಾದು ಮಾತಾಡುತ್ತಿದ್ದ ಕಾಲ. ಆಗ ನಮಗೆ ಯಾರಿದ್ದರು ಹೇಳಿ? ಹಾಲಿನ ಭಯ್ಯಾ, ಇಸ್ತ್ರಿಯವನು, ಗಿರಣಿಯವನು, ತರಕಾರಿಯ ಮಾವಶಿ, ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತ ಶೆಟ್ಟರು. ತಿಂಗಳಿಗೊಮ್ಮೆ ಮಾಟುಂಗಕ್ಕೆ ಹೋಗಿ, ಕಣ್ಣೆದುರೇ ಹುರಿದು ಪುಡಿ ಮಾಡಿಕೊಡುವ ಕಾಫಿ ಅಂಗಡಿಯ ಮುಂದೆ ನಿಂತರೆ ‘ಚಿಕೋರಿ ಎಷ್ಟು ಹಾಕ್ಲಿ?’ ಅಂತ ಕನ್ನಡದಲ್ಲಿ ಕೇಳುವ ಒಂದು ಧ್ವನಿ. ಆ ಒಂದು ವಾಕ್ಯಕ್ಕಾಗಿ ಡೊಂಬಿವಲಿಯಿಂದ ಮಾಟುಂಗಕ್ಕೆ ಹೋಗಿ ಬರುತ್ತಿದ್ದೆ ಅಂದರೆ ನಿಮ್ಮಲ್ಲಿ ಹಲವರಿಗೆ ಅರ್ಥವಾಗುತ್ತದೆ.

ಮರಾಠಿ ನಾನು ಯಾವ ಕ್ಲಾಸಿಗೂ ಹೋಗಿ ಕಲಿಯಲಿಲ್ಲ. ‘ಕೋಥಿಂಬೀರ್ ಕಶೀ ದಿಲೀ?’ಯಿಂದ ಶುರುವಾಗಿದ್ದು. ತಪ್ಪು ಲಿಂಗ, ತಪ್ಪು ವಚನ, ಮಾವಶಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಆಮೇಲೆ ತಿದ್ದುತ್ತಿದ್ದಳು, ತಿದ್ದಿದ ಮೇಲೆ ನಾಲ್ಕು ಹಸಿಮೆಣಸಿನಕಾಯಿ ಪುಕ್ಕಟೆ ಹಾಕುತ್ತಿದ್ದಳು. ಇವತ್ತು ಶಾಖೆಯಲ್ಲಿ ಯಾರಾದರೂ ‘ಸಾಹೇಬರು ಕನ್ನಡದವರು ಅಂತ ಗೊತ್ತೇ ಆಗಲ್ಲ’ ಅಂದರೆ ಅದರ ಶ್ರೇಯಸ್ಸು ಅವಳ ಗೋಣಿತಾಟಿನ ಪಾಠಶಾಲೆಗೆ.

2022ರ ಕೊನೆಗೆ ಗಡಿ ಗಲಾಟೆ ಎದ್ದು, ಎರಡೂ ಕಡೆ ಬಸ್ಸುಗಳ ಮೇಲೆ ಸಿಟ್ಟು ತೀರಿಸಿಕೊಂಡ ದಿನಗಳು ನೆನಪಿರಬಹುದು. ಟೀವಿಯಲ್ಲಿ ದಿನವಿಡೀ ಅದೇ. ಆ ವಾರ ಮಾರ್ಕೆಟ್ಟಿಗೆ ಹೋದಾಗ ಮಾವಶಿ ಕೇಳಿದ್ದು, ‘ತುಮಚ್ಯಾ ಘರೀ ಸಗಳೇ ಬರೇ ಆಹೇತ್ ನಾ?’ ಊರಲ್ಲಿ ಎಲ್ಲರೂ ಕ್ಷೇಮ ತಾನೇ ಅಂತ. ಬೆಳಗಾವಿಗೂ ನಮ್ಮೂರಿಗೂ ಎಷ್ಟು ದೂರ ಅಂತ ಅವಳಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಇಪ್ಪತ್ತೆಂಟು ವರ್ಷದ ಚಿಲ್ಲರೆ ಮಾತು ಕೂಡಿ ಕೂಡಿ ಎಷ್ಟು ಗಂಟಾಗಿದೆ ಅಂತ ನನಗೆ ಅವತ್ತು ಗೊತ್ತಾಯಿತು.

ಈಗ ನಮ್ಮ ಕಡೆಯಿಂದ ಬರುವ ಹುಡುಗರನ್ನು ನೋಡುತ್ತೇನೆ. ಪುಣೆಯ ಹಿಂಜವಡಿಯಲ್ಲಿ ಕೆಲಸ, ಒಳ್ಳೆಯ ಸಂಬಳ, ಮೂರು ವರ್ಷವಾದರೂ ಮರಾಠಿಯ ಹತ್ತು ವಾಕ್ಯ ಬರುವುದಿಲ್ಲ. ಹುಡುಗರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಅದರ ಅಗತ್ಯವೇ ಬೀಳುವುದಿಲ್ಲ. ಅಕ್ಕಿ ಬೇಳೆ ಹತ್ತು ನಿಮಿಷದಲ್ಲಿ ಬಾಗಿಲಿಗೆ, ಊಟ ಬಾಗಿಲಿಗೆ, ಬಟ್ಟೆ ಒಗೆಯುವವರು ಬಾಗಿಲಿಗೆ. ತಂದುಕೊಡುವ ಹುಡುಗನ ಹೆಸರು ಮೊಬೈಲಿನ ಪರದೆಯಲ್ಲಿ ಬಂದಿರುತ್ತದೆ, ಆದರೆ ಆ ಹೆಸರಿಡಿದು ಯಾರೂ ಕರೆಯುವುದಿಲ್ಲ. ಅವನ ಜತೆ ಆಡುವ ಮಾತು ಅಂದರೆ ನಾಲ್ಕಂಕಿಯ ಓಟಿಪಿ. ‘ಏಳು-ಮೂರು-ಒಂದು-ಒಂಬತ್ತು’, ಬಾಗಿಲು ಬಂದ್. ಯೋಚಿಸಿ ನೋಡಿ, ಇಬ್ಬರು ಮನುಷ್ಯರು ಎದುರಾಬದುರಾ ನಿಂತು ಬರೀ ಅಂಕಿ ಹೇಳಿಕೊಂಡು ಬೇರೆಯಾಗುವುದು! ಕೆಲವು ಸೊಸೈಟಿಗಳಲ್ಲಿ ಆ ಹುಡುಗ ಬೇರೆ ಲಿಫ್ಟಿನಲ್ಲಿ ಬರಬೇಕು ಅನ್ನುವ ಬೋರ್ಡು ಬೇರೆ. ಐವತ್ತು ವರ್ಷದ ಹಿಂದೆ ಹೋಟೆಲ್ ಮಾಣಿಗಳಾಗಿ ಬಂದು, ಹಗಲು ಲೋಟ ತೊಳೆದು, ಸಂಜೆ ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಸಾವಿರಾರು ಜನ ನಮ್ಮವರೇ ಈ ಊರಲ್ಲಿದ್ದಾರೆ. ಅವರ ಮಕ್ಕಳಿರುವ ಸೊಸೈಟಿಗಳಲ್ಲೂ ಆ ಬೋರ್ಡು ಇದೆ. ಆ ವಿಷಯ ಇಲ್ಲಿಗೇ ಬಿಡೋಣ, ಸಿಟ್ಟು ಬರುತ್ತೆ.

ನಮ್ಮ ಶಾಖೆಯ ಒಂದು ಸಂಗತಿ ಹೇಳುತ್ತೇನೆ. ಪಾಸ್‌ಬುಕ್ ಪ್ರಿಂಟ್ ಮಾಡಲು ಮಷೀನು ಬಂದು ಬಹಳ ವರ್ಷವಾಯಿತು. ಪುಸ್ತಕ ಬಿಡಿಸಿ ತೂರಿಸಿದರೆ ತಾನೇ ಮಗುಚಿಕೊಂಡು ಮುದ್ರಿಸಿ ಕೊಡುತ್ತದೆ. ಎಲ್ಲರೂ ಅಲ್ಲಿಗೆ ಹೋಗುತ್ತಾರೆ, ಒಬ್ಬ ಹಿರಿಯರನ್ನು ಬಿಟ್ಟು. ಎಂಬತ್ತರ ಹತ್ತಿರದ ಪಿಂಚಣಿದಾರರು. ಪ್ರತಿ ತಿಂಗಳು ಮೊದಲ ವಾರ ಕೌಂಟರಿನ ಕ್ಯೂನಲ್ಲೇ ನಿಲ್ಲುತ್ತಿದ್ದರು. ಹೊಸದಾಗಿ ಬಂದ ಹುಡುಗ ಆಫೀಸರ್ ಬಹಳ ವಿನಯದಿಂದಲೇ ಅವರನ್ನು ಮಷೀನಿನ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದ. ಅವರೂ ಅಷ್ಟೇ ವಿನಯದಿಂದ ನೋಡಿ, ‘ಬಹಳ ಚೆನ್ನಾಗಿದೆ’ ಅಂತ ಹೊಗಳಿ, ಮತ್ತೆ ಬಂದು ಕ್ಯೂನಲ್ಲಿ ನಿಂತರು! ಇದರ ಮಜಾ ಏನಪ್ಪಾ ಅಂದರೆ, ಪ್ರಿಂಟ್ ಆಗುವ ಮೊದಲೇ ಅವರು ತಮ್ಮ ಬ್ಯಾಲೆನ್ಸ್ ಎಷ್ಟು ಅಂತ ಪೈಸೆ ಸಮೇತ ಹೇಳುತ್ತಿದ್ದರು, ಬಡ್ಡಿ ಬಿದ್ದಿದ್ದೂ ಸೇರಿಸಿ. ಪ್ರಿಂಟ್ ಆದ ಮೇಲೆ ತಾಳೆ ನೋಡಿ ‘ಬಘಾ, ಮೀ ಸಾಂಗಿತಲಂ ನಾ?’ ಅಂತ ಗೆದ್ದವರ ಹಾಗೆ ನಗುತ್ತಿದ್ದರು. ಹಾಗಿದ್ದ ಮೇಲೆ ಅವರು ಬರುತ್ತಿದ್ದುದು ಲೆಕ್ಕ ತಿಳಿಯಲಿಕ್ಕಲ್ಲ ಅನ್ನುವುದು ಸ್ಪಷ್ಟ.

ಆ ಕೌಂಟರಿನಲ್ಲಿ ಕೂರುವಾಕೆಯನ್ನು ನಾವೆಲ್ಲ ‘ತಾಈ’ ಅನ್ನುತ್ತೇವೆ, ಮರಾಠಿಯಲ್ಲಿ ಅಕ್ಕ. ಒಂದು ತಿಂಗಳು ಹತ್ತನೇ ತಾರೀಕು ದಾಟಿತು. ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚುತ್ತಾ ತಾಈ ಇದ್ದಕ್ಕಿದ್ದಂತೆ ‘ತೇ ಕಾಕಾ ಆಲೇ ನಾಹೀತ್ ಕಾ?’ ಅಂದಳು. ಯಾರಿಗೂ ಗೊತ್ತಿಲ್ಲ. ಖಾತೆಯಲ್ಲಿದ್ದ ನಂಬರಿಗೆ ಫೋನು ಮಾಡಿದಳು. ‘ಬ್ಯಾಂಕಿನಿಂದ ಮಾತಾಡ್ತಿದೀನಿ’ ಅಂದ ಕೂಡಲೇ ಅವರು ಕಟ್ ಮಾಡಿದರು. ಮತ್ತೆ ಮಾಡಿದಳು, ಮತ್ತೆ ಕಟ್. ಬ್ಯಾಂಕಿನ ಹೆಸರಲ್ಲಿ ಬರುವ ಫೋನು ಎತ್ತಬೇಡಿ ಅಂತ ನಾವೇ ಬೋರ್ಡು ಹಾಕಿದ್ದೇವಲ್ಲ! ಮೂರನೇ ಸಲ ಅವಳು ಬ್ಯಾಂಕಿನ ಹೆಸರೇ ಎತ್ತದೆ ‘ಕಾಕಾ, ಈ ತಿಂಗಳು ಬ್ಯಾಲೆನ್ಸ್ ಎಷ್ಟು ಅಂತ ಹೇಳೋಕೆ ಯಾಕೆ ಬರಲಿಲ್ಲ?’ ಅಂದಳು. ಅದು ಕೆಲಸ ಮಾಡಿತು. ಅಂಥದ್ದೇನೂ ಆಗಿರಲಿಲ್ಲ, ಕಣ್ಣಿನ ಪೊರೆ ಆಪರೇಷನ್ ಆಗಿತ್ತು ಅಷ್ಟೇ. ಆದರೆ ಮುಂದಿನ ತಿಂಗಳು ಕಪ್ಪು ಕನ್ನಡಕ ಹಾಕಿಕೊಂಡು ಬಂದವರು ಕ್ಯೂನಲ್ಲಿದ್ದ ಪ್ರತಿಯೊಬ್ಬರಿಗೂ ಹೇಳಿದ್ದೇ ಹೇಳಿದ್ದು, ‘ಬ್ಯಾಂಕಿನವರು ಯಾಕೆ ಬರಲಿಲ್ಲ ಅಂತ ಫೋನ್ ಮಾಡಿದ್ದರು’ ಅಂತ.

ಮಷೀನು ತಿಂಗಳಿಗೆ ನೂರಾರು ಪಾಸ್‌ಬುಕ್ ತಪ್ಪಿಲ್ಲದೆ ಮುದ್ರಿಸುತ್ತದೆ. ಹೋದ ತಿಂಗಳು ಯಾಕೆ ಬರಲಿಲ್ಲ ಅಂತ ಕೇಳುವುದಿಲ್ಲ.

ಇದೆಲ್ಲ ಭಾವುಕತೆ, ವ್ಯವಹಾರದಲ್ಲಿ ನಡೆಯುವುದಿಲ್ಲ ಅನ್ನುವವರಿದ್ದಾರೆ. ಅವರಿಗಾಗಿ ಇನ್ನೊಂದು ಸಂಗತಿ. ‘ಡಿಜಿಟಲ್ ಅರೆಸ್ಟ್’ ಅನ್ನುವ ಮೋಸದ ಬಗ್ಗೆ ಎಲ್ಲರೂ ಓದಿರುತ್ತೀರಿ. ಪೊಲೀಸ್, ಸಿಬಿಐ ಅಂತ ಹೇಳಿ ವಿಡಿಯೋ ಕಾಲ್ ಮಾಡಿ ವಯಸ್ಸಾದವರನ್ನು ದಿನಗಟ್ಟಲೆ ಹೆದರಿಸಿ ಇಟ್ಟುಕೊಂಡು, ಅವರ ಕೈಯಿಂದಲೇ ಎಫ್‌ಡಿ ಮುರಿಸಿ ದುಡ್ಡು ಹಾಕಿಸಿಕೊಳ್ಳುವುದು. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ ‘ಮನ್ ಕೀ ಬಾತ್’ನಲ್ಲಿ ಈ ಬಗ್ಗೆ ಎಚ್ಚರಿಸಿದ್ದರು. ಅಂಥದ್ದೇ ಒಂದು ನಮ್ಮಲ್ಲಿಗೂ ಬಂತು. ಎಪ್ಪತ್ತರ ಆಸುಪಾಸಿನ ಮಹಿಳೆ, ಎರಡು ಎಫ್‌ಡಿ ಮುರಿಸಬೇಕು, ಮಗನಿಗೆ ಫ್ಲ್ಯಾಟ್ ಅಂದರು. ಕಾಗದಪತ್ರ ಎಲ್ಲ ಸರಿ, ಸಹಿ ಸರಿ. ಕಂಪ್ಯೂಟರಿನ ಪ್ರಕಾರ ಯಾವ ತೊಂದರೆಯೂ ಇಲ್ಲ. ತಾಈಗೆ ಮಾತ್ರ ಏನೋ ಸರಿಯಿಲ್ಲ ಅನಿಸಿತು. ಯಾವಾಗಲೂ ಬಂದ ಕೂಡಲೇ ಕುರ್ಚಿ ಎಳೆದು ಕೂತು, ನೀರು ಕೇಳಿ, ಮೊಣಕಾಲು ನೋವಿನ ಕಥೆ ಹೇಳುವ ಅಜ್ಜಿ ಅವತ್ತು ಕೂರಲೇ ಇಲ್ಲ. ಕೈಯಲ್ಲಿ ಮೊಬೈಲು ಬೋರಲಾಗಿ ಹಿಡಿದಿದ್ದರು, ಕಾಲ್ ನಡೆಯುತ್ತಲೇ ಇತ್ತು. ತಾಈ ಬಾಯಿಬಿಟ್ಟು ಏನೂ ಕೇಳಲಿಲ್ಲ. ಒಂದು ವಿತ್‌ಡ್ರಾಯಲ್ ಸ್ಲಿಪ್ಪಿನ ಹಿಂದೆ ‘ಯಾರಾದರೂ ಹೆದರಿಸ್ತಿದಾರಾ?’ ಅಂತ ಮರಾಠಿಯಲ್ಲಿ ಬರೆದು ಮುಂದೆ ತಳ್ಳಿದಳು. ಅಜ್ಜಿ ಓದಿದರು. ಕಣ್ಣಲ್ಲಿ ನೀರು.

ಆಮೇಲಿನದು ಎಲ್ಲರಿಗೂ ಗೊತ್ತಿರುವುದೇ. ಒಳಗಿನ ಕೋಣೆ, ನೀರು, 1930ಕ್ಕೆ ಫೋನು. ದುಡ್ಡು ಉಳಿಯಿತು. ಹೀಗೆ ಕೌಂಟರಿನಲ್ಲಿ ಕೂತವರು ಅನುಮಾನಪಟ್ಟು ತಡೆದ ಪ್ರಕರಣಗಳು ಬೇರೆ ಊರುಗಳಿಂದಲೂ ಪೇಪರಿನಲ್ಲಿ ಬಂದಿವೆ. ಆ ಅನುಮಾನ ಎಲ್ಲಿಂದ ಬಂತು ಹೇಳಿ? ಹಿಂದಿನ ಹದಿನೈದು ಸಲದ ಮೊಣಕಾಲು ನೋವಿನ ಕಥೆಯಿಂದ. ಆ ಕಥೆ ಕೇಳುವಾಗ ತಾಈ ಮೊಬೈಲು ನೋಡುತ್ತಿದ್ದಿದ್ದರೆ ಇವತ್ತು ಅಜ್ಜಿ ಕೂರಲಿಲ್ಲ ಅನ್ನುವುದು ಕಣ್ಣಿಗೇ ಬೀಳುತ್ತಿರಲಿಲ್ಲ. ಸತಿ ಅಂದರೆ ನೆನಪು ಅಂದೆನಲ್ಲ, ಅದು ಇದೇ. ಹಿರಿಯ ನಾಗರಿಕರಿಗೆ ಪ್ರತ್ಯೇಕ ಕೌಂಟರ್ ಇರಬೇಕು, ಇಲ್ಲವೇ ಆದ್ಯತೆ ಕೊಡುವ ಕೌಂಟರ್ ಇರಬೇಕು ಅಂತ 2017ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿತು, ಒಳ್ಳೆಯದೇ. ಆ ಕೌಂಟರಿನಲ್ಲಿ ಕೂತವರು ತಲೆಯೆತ್ತಿ ನೋಡಬೇಕು ಅಂತ ಯಾವ ಸುತ್ತೋಲೆಯಲ್ಲಿ ಬರೆಯಲು ಸಾಧ್ಯ?

ಹೊರದೇಶದವರಿಗೂ ಇದು ಮನವರಿಕೆಯಾಗಿದೆ. ಕೆನಡಾದಲ್ಲಿ ಗಿಲಿಯನ್ ಸ್ಯಾಂಡ್‌ಸ್ಟ್ರಾಂ ಮತ್ತು ಎಲಿಜಬೆತ್ ಡನ್ ಎಂಬಿಬ್ಬರು ಸಂಶೋಧಕಿಯರು ಕಾಫಿ ಅಂಗಡಿಗೆ ಹೋಗುವ ಒಂದಷ್ಟು ಜನರಿಗೆ ‘ಕಾಫಿ ಕೊಡುವವರ ಕಣ್ಣು ನೋಡಿ, ನಗಿ, ಎರಡು ಮಾತಾಡಿ’ ಅಂತಲೂ, ಉಳಿದವರಿಗೆ ‘ಬೇಗ ಕೆಲಸ ಮುಗಿಸಿಕೊಂಡು ಬನ್ನಿ’ ಅಂತಲೂ ಹೇಳಿ ಕಳಿಸಿದರು. ಮಾತಾಡಿ ಬಂದವರು ಹೆಚ್ಚು ಖುಷಿಯಾಗಿದ್ದರಂತೆ. 2014ರಲ್ಲಿ ಪ್ರಕಟವಾದ ಅಧ್ಯಯನ. ನೆದರ್ಲೆಂಡ್ಸಿನ ಜಂಬೋ ಎಂಬ ಸೂಪರ್‌ಮಾರ್ಕೆಟ್ ಸರಪಳಿಯವರು 2019ರಲ್ಲಿ ಒಂದು ಅಂಗಡಿಯಲ್ಲಿ ‘ಹರಟೆ ಗಲ್ಲಾ’ ಶುರು ಮಾಡಿದರು. ಅವಸರವಿಲ್ಲದವರು, ಮಾತು ಬೇಕಾದವರು ಆ ಕ್ಯೂನಲ್ಲಿ ನಿಲ್ಲಬಹುದು, ನಿಧಾನವಾಗಿ ಬಿಲ್ಲು ಮಾಡುತ್ತಾರೆ. 2021ರಲ್ಲಿ ಅದನ್ನು 200 ಅಂಗಡಿಗಳಿಗೆ ವಿಸ್ತರಿಸುವುದಾಗಿ ಹೇಳಿದರು. ನೋಡಿ, ನಮ್ಮೂರ ಶೆಟ್ಟರ ಅಂಗಡಿಯನ್ನು ಯೂರೋಪಿನವರು ಈಗ ಕಂಡುಹಿಡಿದಿದ್ದಾರೆ!

‘ಸಾರ್, ಮುಂಬಯಿಯಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿದೆ’ ಅಂತ ನೀವು ಕೇಳಬಹುದು. ನಾನೂ ಫಾಸ್ಟ್ ಲೋಕಲ್ ಹಿಡಿಯಲು ಓಡುವವನೇ. ಹಾಗೆ ನೋಡಿದರೆ ಇದಕ್ಕೆ ಸಮಯವೇ ಬೇಕಿಲ್ಲ. ಕ್ಯೂನಲ್ಲಿ ಹೇಗೂ ನಿಲ್ಲಬೇಕು, ತೂಕ ಹಾಕುವವರೆಗೆ ಹೇಗೂ ಕಾಯಬೇಕು. ಆ ಹೊತ್ತು ಎಲ್ಲಿಗೆ ಹೋಗುತ್ತದೆ ಅನ್ನುವುದಷ್ಟೇ ಪ್ರಶ್ನೆ. ನನ್ನ ಪದ್ಧತಿ ಬಹಳ ಸರಳ. ಅಂಗಡಿಯ ಮೆಟ್ಟಿಲು ಹತ್ತುವ ಮುಂಚೆ ಕಿವಿಯಲ್ಲಿರುವುದು ಜೇಬಿಗೆ. ಸ್ಕ್ಯಾನ್ ಮಾಡಿದ ಮೇಲೆ ಡಬ್ಬಿ ಕೂಗುವವರೆಗೆ ಮೊಬೈಲು ನೋಡದೆ ಅಂಗಡಿಯವನನ್ನು ನೋಡುವುದು. ಅಷ್ಟರಲ್ಲೇ ಕಾಣುತ್ತದೆ, ಇವತ್ತು ಅವನ ಕೈಗೆ ಬ್ಯಾಂಡೇಜಿದೆ, ಇವತ್ತು ಗಲ್ಲಾದಲ್ಲಿ ಮಗ ಕೂತಿದ್ದಾನೆ, ಅಪ್ಪ ಎಲ್ಲಿ? ಕೇಳಿದರೆ ಒಮ್ಮೊಮ್ಮೆ ಉತ್ತರ ಬರುತ್ತದೆ, ಒಮ್ಮೊಮ್ಮೆ ಬರುವುದಿಲ್ಲ. ಎಲ್ಲರಿಗೂ ಎಲ್ಲ ದಿನವೂ ಮಾತು ಬೇಕಾಗಿರುವುದಿಲ್ಲ, ಅದನ್ನು ಗಮನಿಸಿ ಸುಮ್ಮನಾಗುವುದೂ ಒಂದು ಮರ್ಯಾದೆಯೇ. ಹಿಂದೆ ಕ್ಯೂ ಬೆಳೆದಿರುವಾಗ ಅಮೆರಿಕದ ಮೊಮ್ಮಗನ ಕಥೆ ಶುರು ಮಾಡುವವರೂ ಇದ್ದಾರೆ. ಅವರಿಗೆ ಎಚ್ಚರ ಇನ್ನೊಂದು ಸ್ವಲ್ಪ ಬೇಕು!

ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕೆಂದುಕೊಂಡಿದ್ದು ಈಗ ಬರುತ್ತಿದೆ. ನಮ್ಮ ಪೈಕಿ ಬಹಳ ಜನರ ತಂದೆತಾಯಿ ಒಂದು ಊರಲ್ಲಿ, ಮಕ್ಕಳು ಇನ್ನೊಂದು ಊರಲ್ಲಿ. ನಮ್ಮ ಬಿಲ್ಡಿಂಗಿನಲ್ಲಿ ಧಾರವಾಡದ ಕಡೆಯ ರಾಯರಿದ್ದಾರೆ. ಗಂಡ ಹೆಂಡತಿ ಇಬ್ಬರೇ. ಮಗ ಅಮೆರಿಕದಲ್ಲಿ, ಬಹಳ ಒಳ್ಳೆಯ ಹುಡುಗ. ಅಪ್ಪ ಅಮ್ಮನಿಗೆ ತೊಂದರೆಯಾಗಬಾರದು ಅಂತ ಅಲ್ಲಿಂದಲೇ ಮೊಬೈಲಿನಲ್ಲಿ ಎಲ್ಲವನ್ನೂ ತರಿಸಿಕೊಡುತ್ತಿದ್ದ. ಅಕ್ಕಿ, ಹಾಲು, ಔಷಧಿ, ಸೊಪ್ಪು, ಕೊನೆಗೆ ಪೂಜೆಗೆ ಹೂವು ಕೂಡ. ಮೊದಲು ರಾಯರು ದಿನಾ ಬೆಳಿಗ್ಗೆ ಚೀಲ ಹಿಡಿದು ಕೆಳಗಿಳಿದರೆ ವಾಚ್‌ಮನ್, ಪೇಪರಿನವನು, ಹೂವಿನವಳು, ಮಾವಶಿ, ವಾಣಿಯ ಅಂಗಡಿ ಅಂತ ಒಂದು ಸುತ್ತು ಮುಗಿಸಿ ಒಂದೂವರೆ ಗಂಟೆಗೆ ಮೇಲೆ ಬರುತ್ತಿದ್ದರು. ಆಮೇಲಾಮೇಲೆ ಕಾಣಿಸುವುದೇ ಕಮ್ಮಿಯಾಯಿತು. ಸಂಜೆ ಡಾಕ್ಟರು ಹೇಳಿದ್ದಾರೆ ಅಂತ ಬಿಲ್ಡಿಂಗಿನ ಸುತ್ತ ಎಣಿಸಿಕೊಂಡು ಹತ್ತು ಸುತ್ತು. ಒಂದು ದಿನ ಕೇಳಿದೆ. ‘ಏನ್ ಮಾಡೂದ್ರಿ, ಎಲ್ಲಾ ಮನೀ ಬಾಗಿಲಿಗೇ ಬರ್ತದ. ಹೊರಗ ಹೋಗಲಿಕ್ಕೆ ಒಂದು ನೆವ ಸುದ್ದಾ ಇಲ್ಲ ನೋಡ್ರಿ’ ಅಂದರು.

ನೆವ! ಎಷ್ಟು ಸರಿಯಾದ ಪದ. ಕೊತ್ತಂಬರಿ ಸೊಪ್ಪು ಒಂದು ನೆವ, ಪಾಸ್‌ಬುಕ್ ಒಂದು ನೆವ. ವಯಸ್ಸಾದವರು ‘ಸುಮ್ಮನೆ ಮಾತಾಡೋಣ ಅಂತ ಬಂದೆ’ ಅಂತ ಯಾರ ಬಾಗಿಲಿಗೂ ಹೋಗುವುದಿಲ್ಲ, ಸಂಕೋಚ. ನೆವ ಇದ್ದರೆ ಸಂಕೋಚವಿಲ್ಲ. ದೂರದಲ್ಲಿರುವ ಮಕ್ಕಳು ಪ್ರೀತಿಯಿಂದಲೇ ಆ ನೆವಗಳನ್ನೆಲ್ಲ ಒಂದೊಂದಾಗಿ ಕಿತ್ತುಕೊಳ್ಳುತ್ತಿದ್ದಾರೆ. ಹಾಸಿಗೆ ಹಿಡಿದವರ ಮಾತು ಬೇರೆ, ಮೆಟ್ಟಿಲು ಇಳಿಯಲಾಗದವರ ಮಾತು ಬೇರೆ. 2020ರ ಲಾಕ್‌ಡೌನಿನಲ್ಲಿ ಈ ಸೇವೆಗಳು ಎಷ್ಟು ಜನರ ಪ್ರಾಣ ಉಳಿಸಿದವು ಅಂತಲೂ ಗೊತ್ತು. ಹಾಗೆ ನೋಡಿದರೆ ಆ ಏಪ್ರಿಲ್‌ನಲ್ಲಿ ಆಪ್‌ಗಳೆಲ್ಲ ‘ಸ್ಲಾಟ್ ಇಲ್ಲ’ ಅನ್ನುತ್ತಿದ್ದಾಗ ಇದೇ ರಾಯರ ಮನೆಗೆ ಗೋಧಿಹಿಟ್ಟು, ಬೇಳೆ ಕಳಿಸಿದ್ದು ಗಲ್ಲಿಯ ವಾಣಿ. ಅವರು ಫೋನು ಮಾಡಿರಲಿಲ್ಲ. ಎಂಟು ದಿನದಿಂದ ಕಾಣಿಸಲಿಲ್ಲವಲ್ಲ ಅಂತ ಅವನೇ ಕಳಿಸಿದ್ದ. ಗಿರಾಕಿ ನಂಬರ್ ಅಂತ ಅವನ ಹತ್ತಿರ ಏನೂ ಇರಲಿಲ್ಲ, ಮುಖ ನೆನಪಿತ್ತು.

ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಹಿರಿಯರಿಗೆ ಶಾಲು ಹೊದಿಸಿ ಹಾರ ಹಾಕುತ್ತವೆ. ಅದರ ಜತೆಗೆ ಶನಿವಾರಕ್ಕೊಮ್ಮೆ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಮಾರ್ಕೆಟ್ಟಿಗೆ ಹೋಗಿಬರುವ ಒಂದು ಪದ್ಧತಿ ಮಾಡಿದರೆ ಹೇಗೆ? ಅವರ ಸಾಮಾನು ನಾವು ತಂದುಕೊಡುವುದಲ್ಲ, ಚೀಲ ಹಿಡಿಯುವುದು ಮಾತ್ರ ನಾವು. ಆರಿಸುವುದು, ಚೌಕಾಸಿ ಮಾಡುವುದು, ಬೈಸಿಕೊಳ್ಳುವುದು ಎಲ್ಲ ಅವರದ್ದೇ. ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ, ನಾನಂತೂ ತಯಾರಿದ್ದೇನೆ. ಡೊಂಬಿವಲಿ, ಕಲ್ಯಾಣ ಕಡೆಯವರು ಯಾರಾದರೂ ಸೇರುವುದಿದ್ದರೆ ತಿಳಿಸಿ.

ರಾಯರ ಮಗ ಹೋದ ವರ್ಷ ರಜಕ್ಕೆ ಬಂದಿದ್ದಾಗ ಅವನ ಹತ್ತಿರ ಈ ಮಾತು ಎತ್ತಿದೆ. ಮೊದಲು ಸ್ವಲ್ಪ ಬೇಜಾರಾದ, ಆಮೇಲೆ ಅಪ್ಪನ ಜತೆ ಕೂತು ಪಟ್ಟಿ ಮಾಡಿದ. ಈಗ ಅಲ್ಲಿಂದ ಬರುವುದು ಅಕ್ಕಿ, ಹಿಟ್ಟು, ಎಣ್ಣೆಯಂಥ ಭಾರದ ಸಾಮಾನು ಮಾತ್ರ. ಸೊಪ್ಪು, ಹೂವು, ಹಸಿಮೆಣಸಿನಕಾಯಿ, ಔಷಧಿ ರಾಯರ ಖಾತೆ. ಮಳೆಗಾಲದಲ್ಲಿ ಮೆಂತ್ಯಸೊಪ್ಪಿನ ಜುಡಿಗೆ ನಲವತ್ತು ರೂಪಾಯಿ ಕೇಳಿದಳು ಅಂತ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ದೂರುತ್ತಿದ್ದರು, ಆದರೂ ತಂದಿದ್ದರು. ಮಾವಶಿಯ ಮೊಮ್ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದ ಸುದ್ದಿ ಈ ಸಲ ನನಗೆ ಹೇಳಿದ್ದು ರಾಯರೇ. ಇಪ್ಪತ್ತೆಂಟು ಅಲ್ಲ, ಈಗ ಮೂವತ್ತು ದಾಟಿತು ನನ್ನ ಗಿರಾಕಿತನ, ಆದರೂ ಸುದ್ದಿ ಮೊದಲು ಹೋಗುವುದು ಅವರಿಗೆ. ದಿನಾ ಹೋಗುತ್ತಾರಲ್ಲ.